ಆಮೆನ್ ಆಗುವ ತನಕ ಎಡಗೈ ಎತ್ತುವಂತಿಲ್ಲ

ಸಾಂತೊಯ್‌ಗೆ ಇದ್ದ ದೋಷ ಒಂದೇ. ಅವನು ತೀರಾ ಬೇಗ ಗೆಲ್ಲುತ್ತಿದ್ದ.

ಗಂಟೆ ಬಾರಿಸಿದ ಮೇಲೆ ಅವನು ಎರಡು ಹೆಜ್ಜೆ ಮುಂದೆ ಬರುತ್ತಿದ್ದ, ಎದುರಿನವನು ಎರಡು ಹೆಜ್ಜೆ ಮುಂದೆ ಬರುತ್ತಿದ್ದ, ಆಮೇಲೆ ಸಾಂತೊಯ್‌ನ ಎಡಗೈ ಒಂದು ಸಲ ಹೋಗಿ ವಾಪಸು ಬರುತ್ತಿತ್ತು. ಅಷ್ಟೇ. ಎದುರಿನವನಿಗೆ ಎಚ್ಚರವಾಗುವ ಹೊತ್ತಿಗೆ ನಾವು ಬಟ್ಟೆ ಮಡಿಚಿ ಚೀಲಕ್ಕೆ ತುಂಬಿರುತ್ತಿದ್ದೆವು. ಒಂದು ಸಲ ದಾವಾವ್‌ನಲ್ಲಿ ಹತ್ತು ಎಣಿಸಲು ಬಗ್ಗಿದ ರೆಫರಿ, ಬಿದ್ದವನ ಗೊರಕೆ ಕೇಳಿ, ಏಳರ ನಂತರ ದನಿ ತಗ್ಗಿಸಿ ಮೆಲ್ಲಗೆ ಎಣಿಸಿದ. ಮಲಗಿದವರನ್ನು ಎಬ್ಬಿಸಬಾರದಲ್ಲ. ನಾನು ಕಣ್ಣಾರೆ ಕಂಡದ್ದು ಇದು.

ನಾನು ಅವನ ತರಬೇತುದಾರ. ಜನರಲ್ ಸಾಂತೋಸ್ ಊರಿನ ಮೀನು ಬಂದರಿನಲ್ಲಿ, ಐಸ್ ಕಾರ್ಖಾನೆಯ ಮೇಲಿನ ಮಹಡಿಯಲ್ಲಿ ನನ್ನ ಗರಡಿ. ಚಿಕ್ಕವರು ನನ್ನನ್ನು ನೊಂಗ್ ತೆಬಾನ್, ಅಂದರೆ ತೆಬಾನಣ್ಣ, ಅನ್ನುತ್ತಾರೆ. ದೊಡ್ಡವರು ಏನನ್ನುತ್ತಾರೆ ಅನ್ನುವುದನ್ನು ಇಲ್ಲಿ ಬರೆಯುವಂತಿಲ್ಲ. ಸಾಂತೊಯ್ ಅದೇ ಬಂದರಿನಲ್ಲಿ ದೋಣಿಯಿಂದ ಟ್ಯೂನ ಮೀನು ಹೊತ್ತು ತರುವ ಕೆಲಸದಲ್ಲಿದ್ದ. ತನ್ನಷ್ಟೇ ತೂಕದ ಮೀನನ್ನು ಬಲ ಹೆಗಲ ಮೇಲೆ ಹೊತ್ತು, ಎಡಗೈಯಲ್ಲಿ ದಾರಿಗಡ್ಡ ಬಂದವರನ್ನು ಪಕ್ಕಕ್ಕೆ ಸರಿಸುತ್ತ ನಡೆಯುತ್ತಿದ್ದ. ಅವನು ಸರಿಸಿದ ಒಂದು ತಳ್ಳುಗಾಡಿಯನ್ನು ಮಾರನೇ ದಿನ ಸಮುದ್ರದಿಂದ ಎತ್ತಿದರು. ಅವತ್ತೇ ನಾನು ಅವನನ್ನು ಗರಡಿಗೆ ಕರೆದೆ.

ಇಪ್ಪತ್ತೊಂದು ಪಂದ್ಯ, ಇಪ್ಪತ್ತೊಂದು ಗೆಲುವು. ಎಲ್ಲ ಸೇರಿಸಿದರೆ ಹದಿನಾಲ್ಕು ನಿಮಿಷ. ಇಂಥವನನ್ನು ಅಮೆರಿಕದವರು ವಿಮಾನ ಕಳಿಸಿ ಕರೆಸಿಕೊಳ್ಳುತ್ತಾರೆ ಅಂತ ನಾನು ತಿಳಿದಿದ್ದೆ. ಆದರೆ ಮನಿಲಾದಿಂದ ಬಂದವರು ವೆರ್ಸೋಸಾ ಸಾಹೇಬರು.

ವೆರ್ಸೋಸಾ ಟೀವಿ ಸ್ಟೇಷನ್ನಿನವರು. ಆಟಗಾರರ ಜೊತೆ ಒಪ್ಪಂದ ಮಾಡಿಕೊಳ್ಳುವುದು ಅವರ ಕೆಲಸ. ಕಂಕುಳಲ್ಲಿ ಒಂದು ಚರ್ಮದ ಫೈಲು, ಮುಖದ ಮೇಲೆ ಸದಾ ಹೊಟ್ಟೆ ಕೆಟ್ಟವರ ಕಳೆ. ನನ್ನ ಗರಡಿಯ ಏಕೈಕ ಕುರ್ಚಿಯಲ್ಲಿ ಕೂತು ಫೈಲು ಬಿಚ್ಚಿದರು.

"ನೊಂಗ್ ತೆಬಾನ್, ನಿಮ್ಮ ಹುಡುಗ ನಮ್ಮನ್ನ ಹಾಳು ಮಾಡ್ತಿದಾನೆ."

"ಗೆಲ್ತಿದಾನಲ್ಲ ಸರ್."

"ಅದೇ ನಾನು ಹೇಳ್ತಿರೋದು. ಹನ್ನೆರಡು ರೌಂಡಿನ ಪಂದ್ಯ ಅಂದ್ರೆ ನಡುವೆ ಹನ್ನೊಂದು ಬಿಡುವು. ಬಿಡುವಿಗೆ ಒಂದು ನಿಮಿಷ. ಆ ನಿಮಿಷಾನ ನಾವು ಮಾರಿರ್ತೀವಿ. ಮೊದಲನೇದು ನೋವಿನೆಣ್ಣೆಯವರಿಗೆ, ಎರಡನೇದು ಕೆಮ್ಮಿನ ಔಷಧಿಯವರಿಗೆ, ಮೂರನೇದು ಅಂಕದ ಹುಂಜಕ್ಕೆ ಹಾಕೋ ಟಾನಿಕ್ಕಿನವರಿಗೆ, ನಾಲ್ಕನೇದು ವಿನೆಗರ್ ಕಂಪನಿಯವರಿಗೆ. ಆ ವಿನೆಗರಿನ ಯಜಮಾನರು ಮೂರು ವರ್ಷದಿಂದ ಸಾಂತೊಯ್‌ನ ನಾಲ್ಕನೇ ಬಿಡುವು ಕೊಂಡ್ಕೋತಿದಾರೆ. ಮೂರು ವರ್ಷದಲ್ಲಿ ಒಂದೇ ಒಂದು ಸಲ ಅವರ ಬಾಟ್ಲಿ ಟೀವೀಲಿ ಕಾಣಿಸ್ಲಿಲ್ಲ. ಮೊನ್ನೆ ನನ್ನ ಮುಂದೆ ಕೂತು ಅತ್ತುಬಿಟ್ರು."

"ಹೋದ ಸಲ ಏನೋ ಮಾಡಿದ್ರಲ್ಲ ನೀವು."

"ಏನ್ ಮಾಡೋದು, ಒಂದೂವರೆ ಗಂಟೆ ತುಂಬಿಸ್ಬೇಕಲ್ಲ. ಆ ಒಂದೇ ಏಟನ್ನ ಹದಿನೇಳು ಸಲ ನಿಧಾನವಾಗಿ ತೋರಿಸಿದ್ವಿ. ಮಾರ್ಬೆಲ್ ಕಡೆಯ ಒಬ್ಬ ಮುದುಕ, ಒಂದೇ ದಿನ ಹದಿನೇಳು ಜನರನ್ನ ಬೀಳಿಸಿದ ಹುಡುಗನಿಗೆ ಸ್ವಲ್ಪ ವಿಶ್ರಾಂತಿ ಕೊಡಿ ಅಂತ ಕಾಗದ ಬರೆದಿದಾನೆ."

ಆಮೇಲೆ ಅವರು ಅಸಲು ವಿಷಯಕ್ಕೆ ಬಂದರು. ಅಮೆರಿಕದ ಒಂದು ದೊಡ್ಡ ಟೀವಿಯವರು ಸಾಂತೊಯ್‌ನನ್ನು ನೋಡಲು ಒಪ್ಪಿದ್ದರು. ನಮ್ಮೂರಲ್ಲೇ ಒಂದು ಪಂದ್ಯ, ಎರಡೂ ದೇಶದಲ್ಲಿ ನೇರ ಪ್ರಸಾರ. ಎದುರಾಳಿ ಮೆಕ್ಸಿಕೋದ ಎಲಿಸೆಯೊ ಬರೋನ್. ಸಾಂತೊಯ್ ಗೆದ್ದರೆ ಲಾಸ್ ವೇಗಸ್‌ನಲ್ಲಿ ಮೂರು ಪಂದ್ಯ, ಮೂರನೆಯದು ವಿಶ್ವ ಪಟ್ಟಕ್ಕೆ. ಆದರೆ ಆರು ರೌಂಡು ಮುಗಿಯುವ ಮೊದಲು ಗೆದ್ದರೆ ಅದು ಗೆಲುವಲ್ಲ. ಅಮೆರಿಕದವರೂ ನಡುವಿನ ನಿಮಿಷಗಳನ್ನು ಮಾರಿದ್ದರು.

"ಸೋತರೆ?" ಅಂದೆ.

"ಸೋತರೆ ಮೀನು ಹೊರ್ತಾನೆ. ಬೇಗ ಗೆದ್ದರೂ ಮೀನೇ ಹೊರ್ತಾನೆ."

ಸಾಂತೊಯ್ ಮೂಲೆಯಲ್ಲಿ ಕೂತು ಕೈಗೆ ಸುತ್ತಿದ ಪಟ್ಟಿ ಬಿಚ್ಚುತ್ತಿದ್ದ. "ನೊಂಗ್, ಆರು ರೌಂಡು ಅಂದ್ರೆ ನನಗೆ ಗೊತ್ತೇ ಇಲ್ಲ. ಎರಡನೇ ರೌಂಡಲ್ಲಿ ಏನ್ ಮಾಡ್ತಾರೆ?" ಅಂತ ಕೇಳಿದ.

ಅವನಿಗೆ ನಿಧಾನ ಕಲಿಸಲು ನಾವು ಪಟ್ಟ ಪಾಡು ಕೇಳಲೇಬೇಡಿ. ಎಡಗೈಯನ್ನು ಸೊಂಟಕ್ಕೆ ಕಟ್ಟಿದೆ, ಹಗ್ಗ ಹರಿಯಿತು. ಗ್ಲೌಸಿನೊಳಗೆ ಒದ್ದೆ ಮರಳು ತುಂಬಿದೆ, ಆವತ್ತು ಎದುರು ನಿಂತ ಹುಡುಗನ ತಾಯಿ ಇನ್ನೂ ನನ್ನ ಜೊತೆ ಮಾತಾಡುವುದಿಲ್ಲ. "ದೋಂಗ್, ತಮ್ಮಾ, ಹೊಡೀಬೇಡವೋ" ಅಂದರೆ, "ನಾನೆಲ್ಲಿ ಹೊಡೆದೆ ನೊಂಗ್, ಅದೇ ಹೋಗುತ್ತೆ" ಅನ್ನುತ್ತಿದ್ದ. ಸುಳ್ಳಲ್ಲ. ಅವನ ಎಡಗೈ ಬಾಡಿಗೆಗಿದ್ದವರ ಹಾಗೆ, ಯಜಮಾನನನ್ನು ಕೇಳಿ ಓಡಾಡುತ್ತಿರಲಿಲ್ಲ.

ಉಪಾಯ ಸಿಕ್ಕಿದ್ದು ಅವನ ಮನೆಯಲ್ಲಿ. ಒಂದು ಸಂಜೆ ಪಂದ್ಯದ ವಿಷಯ ಮಾತಾಡಲು ಹೋಗಿದ್ದೆ. ಆರಕ್ಕೆ ಇಗರ್ಜಿಯ ಗಂಟೆ ಹೊಡೆಯಿತು. ಅವನ ತಾಯಿ ನಾಂಗ್ ಬಸಿಲ್ಯಾ, ಅಂದರೆ ಬಸಿಲ್ಯಾಕ್ಕ, ಇದ್ದಲ್ಲೇ ಮೊಣಕಾಲೂರಿ ಕಣ್ಣು ಮುಚ್ಚಿ ಜಪಸರ ಶುರು ಮಾಡಿದಳು. ಸಾಂತೊಯ್ ಆಗಷ್ಟೇ ಹುರಿದ ಮೀನಿಗೆ ಎಡಗೈ ಹಾಕಿದ್ದ. ಕೈ ಹಾಗೇ ನಿಂತಿತು. ಹತ್ತು ಹತ್ತು ಮಣಿಯಂತೆ ಐದು ಹತ್ತರ ಜಪ, ಆಮೇಲೆ ಸಂತರನ್ನು ಹೆಸರು ಹಿಡಿದು ಬೇಡುವ ಮನವಿಮಾಲೆ, ಎಲ್ಲ ಮುಗಿದು ಆಕೆ "ಆಮೆನ್" ಅನ್ನುವ ತನಕ ಆ ಕೈ ತಟ್ಟೆಯಿಂದ ಒಂದು ಗೇಣು ಮೇಲೆ, ಇಗರ್ಜಿಯ ಸಂತರ ಬೊಂಬೆಯ ಕೈಯಂತೆ ಅಲ್ಲಾಡದೆ ನಿಂತಿತ್ತು. ನಡುವೆ ಒಂದು ಸೊಳ್ಳೆ ಬಂದು ಅದರ ಮೇಲೆ ಕೂತು, ಹೊಟ್ಟೆ ತುಂಬ ಕುಡಿದು, ವಿಶ್ರಮಿಸಿ, ಹಾರಿಹೋಯಿತು.

"ಇದೇನು ದೋಂಗ್?" ಅಂದೆ.

"ಚಿಕ್ಕಂದಿನ ಅಭ್ಯಾಸ ನೊಂಗ್. ಜಪ ಮುಗಿಯೋ ಮುಂಚೆ ಊಟಕ್ಕೆ ಕೈ ಹಾಕಿದ್ರೆ ಅಮ್ಮ ಕಣ್ಣು ಮುಚ್ಚಿಕೊಂಡೇ ಮರದ ಸೌಟಲ್ಲಿ ಗೆಣ್ಣಿಗೆ ಬಿಡ್ತಿದ್ಲು. ಎಡಗೈಯಲ್ಲಿ ತಿನ್ನೋನು ನಾನೊಬ್ಬನೇ. ಅದಕ್ಕೇ ನನಗೊಬ್ಬನಿಗೇ ಎಡಗೈಗೆ ಬೀಳ್ತಿತ್ತು."

ನಾನು ಗಡಿಯಾರ ನೋಡಿದೆ. ಆಕೆಯ ಒಂದು ಹತ್ತಕ್ಕೆ ಸರಿಯಾಗಿ ಮೂರು ನಿಮಿಷ ಹಿಡಿದಿತ್ತು. ಐದು ಹತ್ತು, ಐದು ರೌಂಡು. ಮನವಿಮಾಲೆ ಆರನೆಯದು. ಆಮೆನ್. ಏಳನೇ ರೌಂಡಿಗೆ ಎಡಗೈ.

"ನಾಂಗ್ ಬಸಿಲ್ಯಾ, ಪಂದ್ಯದ ದಿನ ನೀನು ರಿಂಗಿನ ಪಕ್ಕ ಕೂತು ಗಟ್ಟಿಯಾಗಿ ಜಪ ಮಾಡ್ಬೇಕು" ಅಂದೆ.

"ಪ್ರತಿ ಸಲಾನೂ ಮಾಡ್ತೀನಲ್ಲ."

ಮಾಡುತ್ತಿದ್ದಳು ನಿಜ, ಮನಸ್ಸಿನಲ್ಲಿ. ಗಂಟೆ ಹೊಡೆದ ಕೂಡಲೇ ಕಣ್ಣು ಮುಚ್ಚಿದರೆ ಪೂರ್ತಿ ಜಪಸರ ಮುಗಿಸಿಯೇ ಕಣ್ಣು ಬಿಡುತ್ತಿದ್ದಳು. ಮೂರನೇ ನಮೋ ಮರಿಯಾ ಹೊತ್ತಿಗೆ ಪಂದ್ಯವೇ ಮುಗಿದಿರುತ್ತಿತ್ತು. ಆಕೆ ಕಣ್ಣು ಬಿಟ್ಟಾಗ ಮಗ ಸ್ನಾನ ಮಾಡಿ, ತಲೆ ಬಾಚಿ, ಪಕ್ಕದಲ್ಲಿ ಕೂತಿರುತ್ತಿದ್ದ. ಇಪ್ಪತ್ತೊಂದು ಪಂದ್ಯಕ್ಕೂ ಬಂದವಳು ಒಂದು ಏಟನ್ನೂ ನೋಡಿರಲಿಲ್ಲ. ಮಗನಿಗೆ ಅದೊಂದೇ ಕೊರಗು.

"ಒಬ್ಬಳ ದನಿ ಸಾಲಲ್ಲ" ಅಂದಳು. "ನಮ್ಮ ಓಣಿಯವರನ್ನ ಕರ್ಕೊಂಡು ಬರ್ತೀನಿ. ಹನ್ನೆರಡು ಜನ ಆಗ್ತೀವಿ."

ಪಂದ್ಯ ಭಾನುವಾರ ಬೆಳಗ್ಗೆ ಹತ್ತಕ್ಕೆ. ಆಗ ಅಮೆರಿಕದಲ್ಲಿ ಶನಿವಾರ ರಾತ್ರಿ, ಅಲ್ಲಿಯ ಜನ ಕಾಲು ಚಾಚಿ ಟೀವಿ ಮುಂದೆ ಕೂರುವ ಹೊತ್ತು. ಹಾಗಾಗಿ ನಮ್ಮ ಪಾದ್ರಿಗಳು ಒಂಬತ್ತರ ಪೂಜೆಯನ್ನು ಆರಕ್ಕೆ ಇಟ್ಟರು. ಕೋಳಿ ಅಂಕದವರನ್ನು ಮಧ್ಯಾಹ್ನಕ್ಕೆ ಒಪ್ಪಿಸುವುದು ಮಾತ್ರ ಅಷ್ಟು ಸುಲಭವಾಗಿರಲಿಲ್ಲ. ಕೊನೆಗೆ ಅಂಕದವರಿಗೂ ವೆರ್ಸೋಸಾ ಒಂದು ಒಪ್ಪಂದ ಬರೆದುಕೊಟ್ಟರು.

ಕ್ರೀಡಾಂಗಣ ಕಿಕ್ಕಿರಿದಿತ್ತು. ರಿಂಗಿನ ಒಂದು ಬದಿಗೆ ಅಮೆರಿಕದ ಟೀವಿಯ ಮುಖ್ಯಸ್ಥೆ ಮಿಸ್ ಹಾರ್ಲನ್, ಇನ್ನೊಂದು ಬದಿಗೆ ಬಿಳಿ ಮುಸುಕು ಹಾಕಿದ ಹನ್ನೆರಡು ಹೆಂಗಸರು. ಗಂಟೆ ಹೊಡೆಯಿತು. ನಾಂಗ್ ಬಸಿಲ್ಯಾ ಕಣ್ಣು ಮುಚ್ಚಿ ಶುರು ಮಾಡಿದಳು. ಉಳಿದ ಹನ್ನೊಂದು ಜನ ದನಿಗೂಡಿಸಿದರು.

ಸಾಂತೊಯ್‌ನ ಎಡಗೈ ಗದ್ದದ ಪಕ್ಕಕ್ಕೆ ಬಂದು ಅಲ್ಲೇ ನಿಂತಿತು.

ಬರೋನ್ ಕಾಯುತ್ತ ನಿಂತ. ಏನೂ ಬರಲಿಲ್ಲ. ಮೆಲ್ಲಗೆ ಒಂದು ಕೊಟ್ಟು ನೋಡಿದ. ಆಗಲೂ ಏನೂ ಬರಲಿಲ್ಲ. ಸಾಂತೊಯ್ ಬಲಗೈಯಲ್ಲಿ ತಡೆಯುತ್ತ, ಸುತ್ತು ಹೊಡೆಯುತ್ತ, ಬಗ್ಗುತ್ತ ಮೂರು ನಿಮಿಷ ಕಳೆದ. ಗಂಟೆ ಹೊಡೆಯಿತು. ಹೆಂಗಸರು ನೀರು ಕುಡಿದರು. ನೋವಿನೆಣ್ಣೆಯ ಜಾಹೀರಾತು ಬಂತು.

"ಎರಡನೇ ರೌಂಡು ಹೀಗಿರುತ್ತಾ ನೊಂಗ್?" ಅಂತ ಸಾಂತೊಯ್ ಕುತೂಹಲದಿಂದ ಕೇಳಿದ.

"ಮೊದಲನೇದರ ಹಾಗೇ ಇರುತ್ತೆ. ಜಾಸ್ತಿ ಯೋಚ್ನೆ ಮಾಡ್ಬೇಡ."

ನಾಲ್ಕನೇ ಬಿಡುವಿನಲ್ಲಿ ಕ್ರೀಡಾಂಗಣದ ದೊಡ್ಡ ಪರದೆಯ ಮೇಲೆ ವಿನೆಗರ್ ಬಾಟಲಿ ಕಾಣಿಸಿಕೊಂಡಿತು. ಮೂರನೇ ಸಾಲಿನಲ್ಲಿ ಕೂತಿದ್ದ ಕಂಪನಿಯ ಯಜಮಾನರು ಎದ್ದುನಿಂತು ಟೋಪಿ ತೆಗೆದರು. ಅಕ್ಕಪಕ್ಕದವರು ರಾಷ್ಟ್ರಗೀತೆಯೇನೋ ಅಂತ ತಾವೂ ಎದ್ದರು.

ಐದು ಹತ್ತು ಮುಗಿಯಿತು. ಆರನೇ ರೌಂಡಿಗೆ ಮನವಿಮಾಲೆ. ಇಡೀ ಕ್ರೀಡಾಂಗಣವೇ "ನಮಗಾಗಿ ಪ್ರಾರ್ಥಿಸಿರಿ" ಅನ್ನತೊಡಗಿತು. ಆರನೇ ರೌಂಡು ಮುಗಿದ ಗಂಟೆಯೂ ಹೊಡೆಯಿತು. ವೆರ್ಸೋಸಾ ನನ್ನ ಬೆನ್ನು ತಟ್ಟಿ, "ಇನ್ನು ಮುಗಿಸಿ ನೊಂಗ್" ಅಂದರು. ಅವರ ಮುಖದಲ್ಲಿ ಹೊಟ್ಟೆ ಸರಿಹೋದವರ ಕಳೆ ಕಂಡದ್ದು ಅದೇ ಮೊದಲು.

ಏಳನೇ ರೌಂಡಿನ ಗಂಟೆ ಹೊಡೆಯಿತು. ನಾನು ಆಮೆನ್ನಿಗೆ ಕಿವಿಗೊಟ್ಟು ನಿಂತೆ.

"ಈಗ," ಅಂದಳು ನಾಂಗ್ ಬಸಿಲ್ಯಾ ಕಣ್ಣು ಮುಚ್ಚಿಕೊಂಡೇ, "ಸಮುದ್ರಕ್ಕೆ ಹೋದವರಿಗೋಸ್ಕರ."

ಮನೆಯಲ್ಲಾದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ನಮ್ಮೂರಲ್ಲಿ ಹತ್ತು ಜನ ಸೇರಿ ಜಪಕ್ಕೆ ಕೂತರೆ ಅದು ಬೇರೆಯೇ ಲೆಕ್ಕ. ಸಮುದ್ರಕ್ಕೆ ಹೋದವರಿಗೆ ಒಂದು, ಕಾಯಿಲೆ ಬಿದ್ದವರಿಗೆ ಒಂದು, ಆಮೇಲೆ ತೀರಿಕೊಂಡವರಿಗೆ, ಹೆಸರು ಹಿಡಿದು ಒಬ್ಬೊಬ್ಬರಿಗೆ. ಹನ್ನೆರಡು ಹೆಂಗಸರನ್ನು ಕೂರಿಸುವಾಗ ನನಗೆ ಇದು ಹೊಳೆಯಬೇಕಿತ್ತು. ನನ್ನ ಅತ್ತೆ ತೀರಿಕೊಂಡು ವರ್ಷವಾದಾಗಿನ ಜಪಕ್ಕೆ ಮಧ್ಯಾಹ್ನ ಕೂತವರು ದೀಪ ಹಚ್ಚುವ ಹೊತ್ತಿಗೆ ಎದ್ದಿದ್ದರು.

ಎಂಟನೇ ರೌಂಡಿನಲ್ಲಿ ಕಾಯಿಲೆಯವರು ಮುಗಿದು ಸತ್ತವರು ಶುರುವಾದರು. ಬರೋನ್‌ಗೆ ಧೈರ್ಯ ಬಂದಿತ್ತು. ಒಂದು, ಎರಡು, ಒಂದು, ಎರಡು ಅಂತ ಸಾಂತೊಯ್‌ನ ಮುಖಕ್ಕೆ ಮುಟ್ಟಿಸುತ್ತಿದ್ದ. ಎಡಗೈ ಮಾತ್ರ ಮರದ ಸೌಟನ್ನು ನೆನೆಯುತ್ತ ಕೂತಿತ್ತು.

ಬಿಡುವಿನಲ್ಲಿ ಅವನ ಹುಬ್ಬಿಗೆ ವ್ಯಾಸಲೀನ್ ಹಚ್ಚುತ್ತ ಹೇಳಿದೆ, "ದೋಂಗ್, ಆರಾಯ್ತು. ಹೊಡಿ."

"ಆಮೆನ್ ಆಗ್ಲಿಲ್ಲ ನೊಂಗ್."

"ನಾನು ಹೇಳ್ತಿದೀನಿ, ಆಮೆನ್."

"ನೀವು ಹೇಳಿದ್ರೆ ಅದು ಕೇಳಲ್ಲ" ಅಂತ ತನ್ನ ಎಡಗೈಯನ್ನು ತೋರಿಸಿದ.

ನಾನು ವೆರ್ಸೋಸಾ ಹತ್ತಿರ ಓಡಿದೆ. "ಸರ್, ಹೆಂಗಸರನ್ನ ನಿಲ್ಸಿ."

"ನಿಲ್ಸೋದಾ? ಮಿಸ್ ಹಾರ್ಲನ್ ಖುಷಿಯಾಗಿದಾರೆ. ಒಂಬತ್ತನೇ ಬಿಡುವಿನ ಜಾಹೀರಾತು ನಮ್ಮ ಸ್ಟೇಷನ್ ಹುಟ್ಟಿದಾಗಿನಿಂದ ಯಾರೂ ನೋಡಿಲ್ಲ. ಅದರಲ್ಲಿ ಏನಿದೆ ಅಂತ ನನಗೂ ಗೊತ್ತಿಲ್ಲ. ನೋಡೋಣ ತಡೀರಿ."

"ಸೋಲ್ತಾನೆ ಸರ್."

ಅವರು ಫೈಲನ್ನು ಎದೆಗವಚಿಕೊಂಡರು. "ಸೋತರೆ ಲಾಸ್ ವೇಗಸ್ ಇಲ್ಲ" ಅಂತ ತಮಗೆ ತಾವೇ ಹೇಳಿಕೊಂಡರು. ಹೊಟ್ಟೆ ಕೆಟ್ಟ ಕಳೆ ವಾಪಸು ಬಂತು. "ಹೋಗಿ ನಿಲ್ಸಿ."

ನಾನು ನಾಂಗ್ ಬಸಿಲ್ಯಾ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಪಿಸುಗುಟ್ಟಿದೆ. ಆಕೆ ಕಣ್ಣು ಬಿಡಲಿಲ್ಲ. ಜಪದ ರಾಗದಲ್ಲೇ, "ತೆಬಾನ್‌ನ ಬಾಯಿ ಮುಚ್ಚಿಸು ತಾಯೇ" ಅಂತ ಒಂದು ಸಾಲು ಸೇರಿಸಿದಳು. ಹನ್ನೊಂದು ಜನ "ನಮಗಾಗಿ ಪ್ರಾರ್ಥಿಸಿರಿ" ಅಂದರು.

ಹತ್ತನೇ ರೌಂಡು ಮುಗಿಯಿತು. ಹೆಂಗಸರು ಹಳೇ ಬಂದರಿನ ಸತ್ತವರನ್ನು ಮುಗಿಸಿ ಹೊಸ ಬಂದರಿಗೆ ಬಂದಿದ್ದರು. ಪಾಯಿಂಟಿನಲ್ಲಿ ಬರೋನ್ ತುಂಬ ಮುಂದಿದ್ದ, ಸಾಂತೊಯ್ ಇನ್ನು ಗೆಲ್ಲಬೇಕಾದರೆ ಬೀಳಿಸಿಯೇ ಗೆಲ್ಲಬೇಕು. ನಾನು ತಲೆ ಮೇಲೆ ಕೈಹೊತ್ತು ಅತ್ತೆಯ ವರ್ಷದ ದಿನವನ್ನೇ ಮತ್ತೆ ನೆನೆದೆ. ಆವತ್ತು ಜಪ ಮುಗಿದದ್ದು ಹೇಗೆ? ನನ್ನ ಹೆಂಡತಿ ಅಡುಗೆಮನೆಯಿಂದ ಹಬೆಯಾಡುವ ಪುತೋ ಮಾಯಾ ತಂದು ಮೇಜಿನ ಮೇಲಿಟ್ಟಳು. ಶುಂಠಿ, ತೆಂಗಿನಹಾಲು ಹಾಕಿ ಬೇಯಿಸಿದ ಅಂಟಕ್ಕಿಯ ಮುದ್ದೆ. ಅದರ ವಾಸನೆ ಹರಡಿದ್ದೇ ತಡ, ಅಲ್ಲಿಯವರೆಗೆ ಒಬ್ಬೊಬ್ಬ ಸತ್ತವನ ಹತ್ತಿರವೂ ನಿಂತು ಮಾತಾಡಿಸುತ್ತಿದ್ದ ಜಪ, ಬ್ರೇಕ್ ಹೋದ ಲಾರಿಯಂತೆ ಇಳಿಜಾರಿನಲ್ಲಿ ಓಡಿತ್ತು.

ಹನ್ನೊಂದನೇ ರೌಂಡು ಶುರುವಾದಾಗ ನಾನು ಕ್ರೀಡಾಂಗಣದ ಹೊರಗಿದ್ದೆ. ಪಂದ್ಯದ ನಡುವೆ ತನ್ನ ಹುಡುಗನನ್ನು ಬಿಟ್ಟು ತಿಂಡಿ ತರಲು ಓಡಿದ ತರಬೇತುದಾರ ನಾನೊಬ್ಬನೇ ಇರಬೇಕು. ಬಾಗಿಲ ಬಳಿ ನಾಂಗ್ ಲೋಲಿಂಗ್‌ನ ತಿಂಡಿ ಗಾಡಿ.

"ಎಷ್ಟು ಪುತೋ ಕೊಡ್ಲಿ?"

"ಎಲ್ಲಾ. ಪಾತ್ರೆ ಸಮೇತ. ಸಿಕ್ವಾತೆನೂ." ಅದು ಬಿಸಿ ಚಾಕೊಲೇಟು. ಪುತೋ ಮಾಯಾ ಅದಿಲ್ಲದೆ ಗಂಟಲಲ್ಲಿ ಇಳಿಯುವುದಿಲ್ಲ.

"ಪಂದ್ಯ ಮುಗೀತಾ?"

"ಇದು ಬಂದ್ರೆ ಮುಗಿಯುತ್ತೆ."

ಇಬ್ಬರೂ ಪಾತ್ರೆ ಹಿಡಿದು ಒಳಗೆ ನುಗ್ಗುವಾಗ ಹನ್ನೆರಡನೇ ರೌಂಡು ಅರ್ಧ ಕಳೆದಿತ್ತು. ಪಾತ್ರೆಯನ್ನು ಹೆಂಗಸರ ಮುಂದೆ ಇಟ್ಟು ಮುಚ್ಚಳ ತೆಗೆದೆ. ಹಬೆ ಎದ್ದಿತು. ಮೊದಲು ಕೊನೆಯಲ್ಲಿ ಕೂತಿದ್ದ ದಪ್ಪ ಹೆಂಗಸಿನ ಮೂಗು ಅಲ್ಲಾಡಿತು. ಆಮೇಲೆ ಸಾಲಾಗಿ ಎಲ್ಲರದ್ದೂ. ಕೊನೆಗೆ ನಾಂಗ್ ಬಸಿಲ್ಯಾಳದ್ದು.

"ಮತ್ತೂ ಉಳಿದ ಎಲ್ಲ ಸತ್ತವರಿಗೂ ಒಟ್ಟಿಗೇ," ಅಂದಳು, ಒಂದೇ ಉಸಿರಿಗೆ. ಹೊಸ ಬಂದರು ಪೂರ್ತಿ, ಪಕ್ಕದ ಎರಡು ಊರು, ಮುಂದೆ ಸಾಯಲಿರುವವರು, ಎಲ್ಲ ಇಪ್ಪತ್ತು ಸೆಕೆಂಡಿನಲ್ಲಿ ಮುಗಿದರು.

"ಪಿತನ ಸುತನ ಪವಿತ್ರಾತ್ಮನ ಹೆಸರಿನಲ್ಲಿ. ಆಮೆನ್."

ಈಗ ಆದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಆ ಮಾತು ಕಿವಿಗೆ ಬಿದ್ದರೆ ಹಣೆ, ಎದೆ, ಎರಡು ಹೆಗಲು ಮುಟ್ಟಿ ಶಿಲುಬೆಯ ಗುರುತು ಹಾಕದ ಕೈ ನಮ್ಮೂರಲ್ಲಿಲ್ಲ. ಆರು ಸಾವಿರ ಜನ ಕಣ್ಣು ಮುಚ್ಚಿ ಹಣೆಗೆ ಕೈ ಒಯ್ದರು. ನಾನೂ ಒಯ್ದೆ. ರೆಫರಿ ಸೆಬುವಿನವನು, ಅವನೂ ಒಯ್ದ. ಸಾಂತೊಯ್ ಬಲಗೈ ಒಯ್ದ. ಬರೋನ್? ಅವನೂ ಅಜ್ಜಿಯ ಜಪಸರ ಕೇಳುತ್ತ ಬೆಳೆದ ಮೆಕ್ಸಿಕೋದ ಹುಡುಗ. ಯೋಚಿಸದೆ ಅವನ ಬಲಗೈಯೂ ಹಣೆಗೆ ಹೋಯಿತು. ಸಾಂತೊಯ್‌ಗೆ ದಿನವೂ ಅವಸರದಲ್ಲಿ ಊಟಕ್ಕೆ ಕೈ ಹಾಕಿ ಅಭ್ಯಾಸ. ಅವನ ಗುರುತು ಬೇಗ ಮುಗಿಯಿತು. ಬರೋನ್‌ನದ್ದು ಇನ್ನೂ ಎದೆಯಿಂದ ಹೆಗಲಿಗೆ ಹೋಗುತ್ತಿತ್ತು.

ಬಿದ್ದ ಸದ್ದಿಗೆ ನಾವೆಲ್ಲ ಕಣ್ಣು ಬಿಟ್ಟೆವು. ಬರೋನ್ ಅಂಗಾತ ಮಲಗಿದ್ದ, ಬಲಗೈ ಎಡ ಹೆಗಲ ಮೇಲೆ. ಪಂದ್ಯಕ್ಕೆ ಹನ್ನೊಂದು ಸೆಕೆಂಡು ಬಾಕಿ ಇತ್ತು. ರೆಫರಿ ಅವನನ್ನೂ ಸಾಂತೊಯ್‌ನನ್ನೂ ನೋಡಿ, ಬೇರೆ ಯಾರೂ ಹತ್ತಿರ ಇಲ್ಲದ್ದರಿಂದ ಎಣಿಸಲು ಶುರು ಮಾಡಿದ.

ಆ ಏಟನ್ನು ಇಡೀ ಅಮೆರಿಕ ನೋಡಿತು. ಕ್ರೀಡಾಂಗಣದಲ್ಲಿ ನೋಡಿದವರು ಇಬ್ಬರೇ. ಜಪದ ಗಂಧವಿಲ್ಲದ ಮಿಸ್ ಹಾರ್ಲನ್ ಒಬ್ಬಳು. ಇನ್ನೊಬ್ಬಳು ನಾಂಗ್ ಬಸಿಲ್ಯಾ. ಗುರುತು ಎಲ್ಲರಿಗಿಂತ ಮೊದಲು ಮುಗಿಸಿ, ಪುತೋ ಎಲ್ಲಿದೆ ಅಂತ ನೋಡಲು ಕಣ್ಣು ಬಿಟ್ಟಿದ್ದಳು. ಇಪ್ಪತ್ತೊಂದು ಪಂದ್ಯ ನೋಡಿದ ನಾವು ಈ ಒಂದನ್ನು ತಪ್ಪಿಸಿಕೊಂಡೆವು. ಒಂದನ್ನೂ ನೋಡದವಳು ಇದನ್ನು ನೋಡಿದಳು. ಆಮೇಲೆ ದೊಡ್ಡ ಪರದೆಯ ಮೇಲೆ ಅದನ್ನು ಹದಿನೇಳು ಸಲ ತೋರಿಸಿದರು, ಪ್ರತಿ ಸಲವೂ ಮೊದಲು ವಿನೆಗರ್.

ಸಾಂತೊಯ್ ಹಗ್ಗ ಹಾರಿ ಓಡಿಬಂದ. ಒಂದು ಕಣ್ಣು ಊದಿ ಮುಚ್ಚಿತ್ತು. "ಅಮ್ಮಾ, ನೋಡಿದ್ಯಾ?"

"ನೋಡ್ದೆ" ಅಂದಳು. ಮಗನ ಗದ್ದ ಹಿಡಿದು ಆ ಕಡೆ ಈ ಕಡೆ ತಿರುಗಿಸಿದಳು. ಆಮೇಲೆ ಗ್ಲೌಸಿನ ಮೇಲೇ ಎಡಗೈಯ ಗೆಣ್ಣಿಗೆ ಒಂದು ಹಾಕಿದಳು. "ಅವನು ಇನ್ನೂ ಪವಿತ್ರಾತ್ಮಕ್ಕೇ ಬಂದಿರ್ಲಿಲ್ಲ. ಅಷ್ಟರಲ್ಲಿ ಅವಸರವಾ ನಿನಗೆ? ಹೋಗು, ಕರ್ಕೊಂಡು ಬಾ. ಮೊದಲ ಪುತೋ ಅವನಿಗೆ."

ಬರೋನ್ ಬಂದು ಹೆಂಗಸರ ನಡುವೆ ಕೂತು ಮೂರು ಪುತೋ ತಿಂದ. ನಾಲ್ಕನೆಯದಕ್ಕೆ ಬಾಯಿ ಬಂತು. "ಸತ್ತೋರ ಜಪ ಶುರುವಾದಾಗಿಂದ ನನಗೇ ಮಾಡ್ತಿದೀರಿ ಅಂದ್ಕೊಂಡಿದ್ದೆ" ಅಂತ ದುಭಾಷಿಯ ಮೂಲಕ ಹೇಳಿದ. "ಇಷ್ಟು ಮರ್ಯಾದೆ ಯಾವ ಊರಲ್ಲೂ ಸಿಕ್ಕಿರ್ಲಿಲ್ಲ."

ವೆರ್ಸೋಸಾ ಫೈಲು ಬಿಚ್ಚಿಕೊಂಡೇ ಬಂದರು, ಹಿಂದೆ ಮಿಸ್ ಹಾರ್ಲನ್. ಲಾಸ್ ವೇಗಸ್‌ನ ಮೂರು ಪಂದ್ಯದ ಒಪ್ಪಂದ. ಅಂಟಕ್ಕಿ ಮೆತ್ತಿದ ಎಡಗೈಯಲ್ಲೇ ಸಾಂತೊಯ್ ಸಹಿ ಹಾಕಿದ. ಆದರೆ ಮಿಸ್ ಹಾರ್ಲನ್ ಕಾಗದ ಮುಚ್ಚಲಿಲ್ಲ. ವೆರ್ಸೋಸಾ ಕಿವಿಯಲ್ಲಿ ಏನೋ ಹೇಳಿದಳು. ಅವರು ನಾಂಗ್ ಬಸಿಲ್ಯಾ ಕಡೆ ತಿರುಗಿದರು.

"ನಾಂಗ್, ನಿಮ್ಮನ್ನೂ ಒಪ್ಪಂದದಲ್ಲಿ ಸೇರಿಸ್ಬೇಕಂತೆ. ನಿಮ್ಮ ಪ್ರಾರ್ಥನೆ ಎಷ್ಟು ಹೊತ್ತಿಂದು ಅಂತ ಕೇಳ್ತಿದಾರೆ."

ನಾಂಗ್ ಬಸಿಲ್ಯಾ ಬೆರಳು ನೆಕ್ಕಿ, ಮುಸುಕು ಸರಿಮಾಡಿಕೊಂಡಳು.

"ಅವರಿಗೆ ಎಷ್ಟು ಹೊತ್ತಿಂದು ಬೇಕು ಕೇಳು" ಅಂದಳು. "ನಮ್ಮೂರಲ್ಲಿ ಸತ್ತೋರು ಬೇಕಾದಷ್ಟಿದಾರೆ. ಪುತೋ ಮಾತ್ರ ಅವರೇ ತರಿಸ್ಬೇಕು."